ಹೆಚ್ಚಿಗೆ ಇಟ್ಟ ಒಂದು ತಟ್ಟೆ

(ಅತ್ತಿಬೆಲೆ, ಕೈಗಾರಿಕಾ ಪ್ರದೇಶದ ಹಿಂಬದಿಯ ಒಂದು ಬೀದಿ. ಅಕ್ಕ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹಲವು ವರ್ಷ ಕೆಲಸ ಮಾಡಿ ಬಂದವಳು. ಈಗ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತಾಳೆ. ಎದುರು ಮನೆಯ ತಂಗಿಗೆ ಅದೇ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ.)

ತಂಗಿ: ಅಕ್ಕ, ಟಿಕೆಟ್ ಬಂತು. ಡಿಸೆಂಬರ್ 1ಕ್ಕೆ ಕೆಲಸಕ್ಕೆ ಸೇರ್ಕೋಬೇಕು. ಸೇರಿದ ತಿಂಗಳಲ್ಲೇ ಕ್ರಿಸ್‌ಮಸ್! ಆಫೀಸಿನಲ್ಲಿ ಎಲ್ಲರೂ ‘ನಿನ್ನ ಅದೃಷ್ಟ’ ಅಂತಿದ್ದಾರೆ. ಯುರೋಪಿನ ಕ್ರಿಸ್‌ಮಸ್ ನೋಡೋಕೆ ಜನ ಲಕ್ಷಗಟ್ಟಲೆ ಖರ್ಚು ಮಾಡ್ಕೊಂಡು ಹೋಗ್ತಾರಂತೆ.

ಅಕ್ಕ: ನೋಡೋಕೆ ಚೆನ್ನಾಗಿರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಸ್ಟುಟ್‌ಗಾರ್ಟ್‌ನ ಕ್ರಿಸ್‌ಮಸ್ ಸಂತೆ 1692ರ ದಾಖಲೆಯಲ್ಲೇ ಇದೆ. ಒಬ್ಬೊಬ್ಬ ಅಂಗಡಿಯವನೂ ತನ್ನ ಮರದ ಗೂಡಂಗಡಿಯ ಚಾವಣಿಯನ್ನ ಹಸಿರು ಕೊಂಬೆ, ಗೊಂಬೆ, ದೀಪ ಇಟ್ಟು ಸಿಂಗರಿಸಿರ್ತಾನೆ. ಹೋಗು, ಕಣ್ತುಂಬ ನೋಡು. ಬಿಸಿ ಬಿಸಿ ಮಸಾಲೆ ವೈನ್ ಮಾರ್ತಾರೆ. ಬೇಡ ಅನ್ನಿಸಿದರೆ ಮಕ್ಕಳ ಪಂಚ್ ಅಂತ ಹಣ್ಣಿನ ರಸದ್ದು ಸಿಗುತ್ತೆ. ಲೋಟಕ್ಕೆ ಠೇವಣಿ ಹಿಡಿದಿರ್ತಾರೆ, ವಾಪಸ್ ಕೊಟ್ಟು ದುಡ್ಡು ಇಸ್ಕೋ. ಆದರೆ ಒಂದು ವಿಷಯ ಈಗಲೇ ತಿಳ್ಕೊಂಡು ಹೋಗು. ಆ ಸಂತೆ 23ಕ್ಕೆ ಮುಗಿದು ಹೋಗುತ್ತೆ. ಹಬ್ಬ ಶುರುವಾಗೋದು 24ರ ಸಂಜೆ. ಸಂತೆ ನೋಡಿ ಫೋಟೋ ತಗೊಂಡು ಬಂದ ಎಷ್ಟೋ ಜನ ಕ್ರಿಸ್‌ಮಸ್ಸೇ ನೋಡಿದೆವು ಅಂದ್ಕೊಂಡಿರ್ತಾರೆ.

ತಂಗಿ: ಹಾಗಾದ್ರೆ 24ಕ್ಕೆ ಏನಿರುತ್ತೆ?

ಅಕ್ಕ: ಮಧ್ಯಾಹ್ನ 2 ಗಂಟೆ ಹೊತ್ತಿಗೆ ಅಂಗಡಿ ಮುಚ್ಚಬೇಕು ಅಂತ ಅಲ್ಲಿ ಕಾನೂನೇ ಇದೆ. 25, 26 ಎರಡೂ ದಿನ ಸರ್ಕಾರಿ ರಜೆ. ಈ ವರ್ಷ, 2026ರಲ್ಲಿ, 27 ಬಂದಿರೋದು ಭಾನುವಾರ. ಭಾನುವಾರ ಅಲ್ಲಿ ಅಂಗಡಿ ತೆಗೆಯೋದಿಲ್ಲ. ಗುರುವಾರ ಮಧ್ಯಾಹ್ನ ಬಾಗಿಲು ಹಾಕಿದರೆ ತೆಗೆಯೋದು ಸೋಮವಾರ ಬೆಳಿಗ್ಗೆ. ಹಾಲು, ಅಕ್ಕಿ, ಈರುಳ್ಳಿ, ಟೊಮೆಟೊ ಎಲ್ಲ ಬುಧವಾರವೇ ತಂದಿಟ್ಕೋ. ತೀರಾ ಬೇಕಾದರೆ ದೊಡ್ಡ ರೈಲ್ವೆ ಸ್ಟೇಷನ್ ಒಳಗೆ ಒಂದೆರಡು ಅಂಗಡಿ ತೆರೆದಿರುತ್ತೆ. ಲಂಡನ್‌ನಲ್ಲಿರೋ ನಮ್ಮವರ ಪಾಡು ಇನ್ನೂ ಕಷ್ಟ. 25ಕ್ಕೆ ಅಲ್ಲಿ ಸಿಟಿ ಬಸ್ಸೂ ಓಡಲ್ಲ, ಮೆಟ್ರೋನೂ ಓಡಲ್ಲ.

ತಂಗಿ: ಇಲ್ಲಿ ದೀಪಾವಳಿ ಬಂತು ಅಂದ್ರೆ ಪಟಾಕಿ ಕೊಳ್ಳೋಕೆ ಅರ್ಧ ಬೆಂಗಳೂರೇ ನಮ್ಮೂರಿಗೆ ಬರುತ್ತೆ. ಹೊಸೂರು ರಸ್ತೆ ದಾಟೋಕೂ ಆಗಲ್ಲ.

ಅಕ್ಕ: ನಮ್ಮ ಹಬ್ಬ ಬೀದಿಗೆ ಇಳಿಯುತ್ತೆ ಕಣೇ. ಯಾರೂ ಕರೀದಿದ್ರೂ ಗಣೇಶನ ಪೆಂಡಾಲಿನಲ್ಲಿ ಹೋಗಿ ನಿಂತ್ಕೋಬಹುದು, ಪ್ರಸಾದ ಸಿಗುತ್ತೆ. ಅವರ ಹಬ್ಬ ಮನೆಯೊಳಗೆ ಹೋಗಿ ಕದ ಹಾಕ್ಕೊಳ್ಳುತ್ತೆ. ಆ ದಿನಗಳಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ ಹುಟ್ಟೋದು ಸುಮಾರು ಎಂಟೂಕಾಲಿಗೆ, ಮುಳುಗೋದು ನಾಲ್ಕೂವರೆಗೆ. ಐದೂವರೆಗೆಲ್ಲ ಗಾಢ ಕತ್ತಲು. ಎಲ್ಲ ಕಿಟಕಿಯಲ್ಲೂ ದೀಪ, ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಇಲ್ಲಿ ರಾತ್ರಿ ಹತ್ತು ಗಂಟೆ ಆಗಿರುತ್ತೆ, ಅಮ್ಮ ಮಲಗೋ ಹೊತ್ತು. ಫೋನ್ ಮಾಡಿ ಎರಡು ಮಾತಾಡಿದ ಮೇಲೆ ಉಳಿಯೋದು ನೀನು, ನಿನ್ನ ರೂಮು. ಅಲ್ಲಿನವರೇನೂ ಕೆಟ್ಟವರಲ್ಲ. ದೂರದ ಊರುಗಳಲ್ಲಿರೋ ಮಕ್ಕಳು ಆ ದಿನಕ್ಕೆ ಅಂತ ಅಪ್ಪ ಅಮ್ಮನ ಹತ್ರ ಬಂದಿರ್ತಾರೆ. ಮನೆಯವರು ಮನೆಯವರ ಜೊತೆ ಇರೋದು ಸಹಜ. ಆದ್ದರಿಂದಲೇ ಹೊರಗಿನಿಂದ ಹೋದವರಿಗೆ ಆ ಹಬ್ಬದೊಳಕ್ಕೆ ಇರೋ ಬಾಗಿಲು ಒಂದೇ. ಸ್ನೇಹ. ಅದು ಟಿಕೆಟ್ ತಗೊಂಡು ನೋಡೋ ಹಬ್ಬ ಅಲ್ಲ.

ತಂಗಿ: ನೀವು ಹೆದರಿಸ್ತಾ ಇದ್ದೀರಾ ಅಕ್ಕ. ಹೋಗಿ ಮೂರೇ ವಾರದಲ್ಲಿ ಯಾರು ಸ್ನೇಹ ಆಗ್ತಾರೆ?

ಅಕ್ಕ: ಆಗ್ತಾರೆ. ಆಫೀಸಿನಲ್ಲಿ ಕೂತು ಯಾರೋ ಕರೀಲಿ ಅಂತ ಕಾಯಬೇಡ. ನೀನೇ ಕೇಳು, ‘24ಕ್ಕೆ ನೀವೇನ್ ಮಾಡ್ತೀರಾ?’ ಅಂತ. ಊರಿಗೆ ಹೋಗೋಕಾಗದವರು ಪ್ರತಿ ಆಫೀಸಿನಲ್ಲೂ ಇರ್ತಾರೆ. ಪೋರ್ಚುಗಲ್‌ನವನಿಗೆ ವಿಮಾನದ ದರ ಎಟುಕಿರಲ್ಲ, ಬ್ರೆಜಿಲ್‌ನವಳಿಗೆ ರಜೆ ಸಿಕ್ಕಿರಲ್ಲ. ನಾನು ಅಲ್ಲಿ ಮೊದಲು ಕೂತ ಕ್ರಿಸ್‌ಮಸ್ ಊಟ ಜರ್ಮನರ ಮನೆಯದ್ದೇ ಅಲ್ಲ. ಪೋಲೆಂಡ್‌ನಿಂದ ಬಂದು ನಮ್ಮ ಜೊತೆ ಕೆಲಸ ಮಾಡ್ತಿದ್ದ ಗಂಡ ಹೆಂಡತಿ ಕರೆದಿದ್ದರು. ಅದೊಂದು ಸಂಜೆ ನಿನಗೆ ಬಿಡಿಸಿ ಹೇಳಲೇಬೇಕು.

ತಂಗಿ: ಹೇಳಿ. ಅಮ್ಮ ಕೂಡ ಇದನ್ನೇ ಕೇಳ್ತಿದ್ದಾರೆ. ‘ಆ ಮಾಂಸ, ಆ ವೈನು, ಅದರ ಮಧ್ಯೆ ನೀನೇನ್ ತಿಂತೀಯ, ನಮಗ್ಯಾಕೆ ಅವರ ಹಬ್ಬ’ ಅಂತ.

ಅಕ್ಕ: ಅಮ್ಮನಿಗೆ ಮೊದಲು ಇದನ್ನ ಹೇಳು. ಪೋಲೆಂಡ್‌ನವರ 24ರ ರಾತ್ರಿಯ ಊಟದಲ್ಲಿ ಮಾಂಸ ಮಾಡೋದೇ ಇಲ್ಲ. ಅದಕ್ಕೆ ವಿಗಿಲಿಯಾ ಅಂತಾರೆ. ಹನ್ನೆರಡು ಬಗೆ ಮಾಡ್ತಾರೆ. ಮೀನು ಇರುತ್ತೆ, ಅದನ್ನ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಮ್ಮಿ ನಾವು ತಿನ್ನುವಂಥದ್ದೇ. ಬೀಟ್‌ರೂಟ್ ಸಾರು, ಅದರೊಳಗೆ ಅಣಬೆ ತುಂಬಿದ ಪುಟ್ಟ ಪುಟ್ಟ ಕಡುಬು. ಎಲೆಕೋಸು ತುಂಬಿದ ದೊಡ್ಡ ಕಡುಬು, ಪಿಯೆರೋಗಿ. ಗಸಗಸೆ ಹೂರಣ ಸುತ್ತಿದ ರೊಟ್ಟಿ. ಪೂರ್ವ ಸೀಮೆಯವರು ಇಡೀ ಗೋಧಿ ಬೇಯಿಸಿ, ಗಸಗಸೆ ಅರೆದು, ಜೇನು ಬೆರೆಸಿ ಕುಟ್ಯಾ ಅಂತ ಮಾಡ್ತಾರೆ. ಅದನ್ನ ಬಾಯಿಗಿಟ್ಟಾಗ ನಾನು ಅಲ್ಲೇ ಹೇಳಿದೆ, ಇದರ ತಂಗಿ ನಮ್ಮನೆಯಲ್ಲಿದ್ದಾಳೆ, ಗಸಗಸೆ ಪಾಯಸ ಅಂತ. ಮುಂದಿನ ವರ್ಷ ಕರೆದಾಗ ಅದನ್ನೇ ಮಾಡ್ಕೊಂಡು ಬಾ ಅಂದರು. ಹನ್ನೆರಡರಲ್ಲಿ ಒಂದು ನಮ್ಮದಾಯಿತು.

ತಂಗಿ: ಗಸಗಸೆ ಇಲ್ಲಿಂದಲೇ ತಗೊಂಡು ಹೋಗಲಾ?

ಅಕ್ಕ: ಬೇಡವೇ ಬೇಡ! ದುಬೈ ಮೇಲೆ ಹೋಗೋ ವಿಮಾನ ನಿಂದು. ಅಲ್ಲಿ ಗಸಗಸೆ ನಿಷೇಧ, ಸುಮ್ಮನೆ ತಾಪತ್ರಯ. ಜರ್ಮನಿಯಲ್ಲಿ ಮೋನ್ ಅಂತ ಕೇಳು, ಕೇಕ್ ಸಾಮಾನಿನ ಸಾಲಿನಲ್ಲಿ ಇಟ್ಟಿರ್ತಾರೆ, ಕರಿ ಬಣ್ಣದ್ದು. ತುಪ್ಪ, ಪೇಡ, ಹಾಲಿನ ಸಿಹಿ ಕೂಡ ಒಯ್ಯಬೇಡ. ಹೊರಗಿನಿಂದ ಬರೋರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರಬಾರದು ಅಂತ ಐರೋಪ್ಯ ಒಕ್ಕೂಟದ ನಿಯಮ ಇದೆ. ಚಕ್ಕುಲಿ, ಕೋಡುಬಳೆ ಎಷ್ಟಾದರೂ ಒಯ್ಯಿ.

ತಂಗಿ: ಆ ಸಂಜೆ ಹೇಳ್ತಿದ್ರಿ.

ಅಕ್ಕ: ಹ್ಞೂಂ. ನಾವು ಹೋದಾಗ ಇನ್ನೂ ಯಾರೂ ಊಟಕ್ಕೆ ಕೂತಿರಲಿಲ್ಲ. ಅವರ ಮಗಳು ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣಿಸಿದ ಮೇಲೇ ಊಟ. ಅವತ್ತು ಮೋಡ ಕವಿದಿತ್ತು, ಆದರೂ ಆ ಹುಡುಗಿ ‘ಬಂತು’ ಅಂದಳು, ಎಲ್ಲರೂ ಒಪ್ಪಿದರು. ಮೇಜಿನ ಬಿಳಿ ಬಟ್ಟೆಯ ಕೆಳಗೆ ಒಂದು ಹಿಡಿ ಒಣ ಹುಲ್ಲು ಹರಡಿದ್ದರು. ಬಾಲ ಯೇಸು ಹುಟ್ಟಿ ಮಲಗಿದ್ದು ದನದ ಹುಲ್ಲಿನ ಮೇಲೆ ಅನ್ನೋ ನೆನಪಿಗೆ. ನಮ್ಮ ಬೀದಿ ಕೊನೆ ಮನೆಯವರು ಡಿಸೆಂಬರ್‌ನಲ್ಲಿ ಗೋದಲಿ ಕಟ್ತಾರಲ್ಲ, ಅದೇ ಹುಲ್ಲು. ಆಮೇಲೆ ಕಾಗದದಷ್ಟು ತೆಳ್ಳಗಿನ ಬಿಳಿ ಬಿಲ್ಲೆ ಎಲ್ಲರ ಕೈಗೂ ಕೊಟ್ಟರು. ಒಪ್ವಾಟೆಕ್ ಅಂತ ಅದರ ಹೆಸರು. ಒಬ್ಬೊಬ್ಬರ ಹತ್ರಾನೂ ಹೋಗಿ ಅವರ ಬಿಲ್ಲೆಯಿಂದ ಒಂದು ಚೂರು ಮುರ್ಕೋಬೇಕು, ನಿನ್ನದರಿಂದ ಅವರು ಮುರ್ಕೋತಾರೆ, ಒಳ್ಳೆಯದಾಗಲಿ ಅಂತ ಹಾರೈಸಬೇಕು, ಏನಾದರೂ ಮನಸ್ತಾಪ ಇದ್ದರೆ ಅಲ್ಲೇ ಬಿಡಬೇಕು. ಸಂಕ್ರಾಂತಿಗೆ ಎಳ್ಳು ಬೀರಿದ ಹಾಗೆ. ನನಗೆ ಯಾರೂ ಏನೂ ಕಲಿಸಬೇಕಾಗಲಿಲ್ಲ.

ತಂಗಿ: ಕೇಳಿದ್ರೇನೇ ಹೋಗಬೇಕು ಅನ್ಸುತ್ತೆ.

ಅಕ್ಕ: ಇನ್ನೊಂದು ಬಾಕಿ ಇದೆ. ನಾವು ಏಳು ಜನ ಇದ್ದೆವು, ಮೇಜಿನ ಮೇಲೆ ಎಂಟು ತಟ್ಟೆ. ಯಾರೋ ಬರೋರಿದ್ದಾರೆ ಅಂದ್ಕೊಂಡೆ. ಬರೋರು ಯಾರೂ ಇರಲಿಲ್ಲ. ಆ ರಾತ್ರಿ ದಾರಿ ತಪ್ಪಿದವರು, ಒಂಟಿಯಾಗಿರೋರು ಯಾರಾದರೂ ಬಾಗಿಲು ತಟ್ಟಬಹುದು ಅಂತ ಪೋಲೆಂಡ್‌ನ ಮನೆಮನೆಯಲ್ಲೂ ಒಂದು ತಟ್ಟೆ ಹೆಚ್ಚಿಗೆ ಇಡ್ತಾರೆ. ತೀರಿಹೋದ ಹಿರಿಯರ ನೆನಪಿಗೂ ಅದು ಆಗುತ್ತೆ ಅಂತಾರೆ. ಊಟ ಮುಗಿಯೋವರೆಗೂ ಆ ತಟ್ಟೆ ತೆಗೆಯಲಿಲ್ಲ. ಅವತ್ತು ರಾತ್ರಿ ಟ್ರಾಮ್‌ನಲ್ಲಿ ರೂಮಿಗೆ ವಾಪಸ್ ಬರ್ತಾ ನನ್ನ ತಲೆಯಲ್ಲಿ ಅದೊಂದೇ ಇತ್ತು. ನಾವು ಅತಿಥಿಯನ್ನ ದೇವರು ಅಂತೀವಿ. ದೇವರು ಬರೋಕೆ ಮುಂಚೆಯೇ ಎಲೆ ಹಾಕಿ ಕಾಯೋದನ್ನ ನಾನು ನೋಡಿದ್ದು ಅಲ್ಲಿ.

ತಂಗಿ: ಜರ್ಮನರ ಮನೆಯಲ್ಲಿ?

ಅಕ್ಕ: ಅವರ ಊಟ ಆ ರಾತ್ರಿ ತುಂಬ ಸರಳ. ಎಷ್ಟೋ ಮನೆಯಲ್ಲಿ ಆಲೂಗಡ್ಡೆ ಸಲಾಡ್, ಸಾಸೇಜು, ಅಷ್ಟೇ. ದೊಡ್ಡ ಊಟ 25ಕ್ಕೆ. ಆದರೆ ಹುಷಾರು. ಸ್ಟುಟ್‌ಗಾರ್ಟ್ ಕಡೆಯ ಆಲೂಗಡ್ಡೆ ಸಲಾಡ್ ನೋಡೋಕೆ ಬರೀ ತರಕಾರಿ, ಅದಕ್ಕೆ ಹಾಕೋದು ಮಾಂಸ ಕುದಿಸಿದ ಸಾರು. ಹಾಗಾಗಿ ಕರೆದ ದಿನವೇ, ‘ನಾನು ಮಾಂಸ, ಮೀನು, ಅದರ ಸಾರು ತಿನ್ನಲ್ಲ’ ಅಂತ ನೇರವಾಗಿ ಹೇಳಿಬಿಡು. ಸಂಕೋಚಪಟ್ಟು ಬಾಯಿ ಮುಚ್ಕೊಂಡಿದ್ದು, ಹೋಗಿ ತಟ್ಟೆ ಮುಂದೆ ಸುಮ್ಮನೆ ಕೂತರೆ ಅವರಿಗೆ ಬೇಜಾರಾಗುತ್ತೆ. ಮೊದಲೇ ಹೇಳಿದರೆ ಬೇರೆ ಪಾತ್ರೆಯಲ್ಲಿ ಮಾಡಿಟ್ಟು ಕಾಯ್ತಾರೆ. ಸಮಯಕ್ಕೆ ಸರಿಯಾಗಿ ಹೋಗು. ಆರು ಅಂದರೆ ಆರು.

ತಂಗಿ: ಚರ್ಚಿಗೆ ಕರೆದ್ರೆ?

ಅಕ್ಕ: ಮನಸ್ಸಿದ್ದರೆ ಹೋಗು. ಸಂಜೆ ಮಕ್ಕಳು ಗೋದಲಿಯ ಕತೆ ನಾಟಕ ಆಡ್ತಾರೆ, ಕುರಿ ವೇಷ ಹಾಕಿದ ಪುಟಾಣಿಗಳು ವೇದಿಕೆ ಮೇಲೇ ನಿದ್ದೆ ಹೋಗಿರ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ್ಕೋ. ಎಲ್ಲರೂ ಎದ್ದು ನಿಂತಾಗ ನಿಲ್ಲು. ಪ್ರಸಾದದ ಸಾಲಿಗೆ ಹೋಗಬೇಕಿಲ್ಲ, ಅದು ಅವರ ನಂಬಿಕೆಯವರಿಗೆ. ಅಲ್ಲಿ ಕೂತ ಮಾತ್ರಕ್ಕೆ ನೀನು ಏನೂ ಕಳ್ಕೊಳ್ಳಲ್ಲ. ಅಮ್ಮನಿಗೂ ಅದನ್ನೇ ಹೇಳು. ಧರ್ಮಸ್ಥಳಕ್ಕೆ ಹೋಗೋ ಜೈನ, ವೈಷ್ಣವ, ಶೈವ ಯಾರೂ ತಮ್ಮದನ್ನ ಬಿಟ್ಟು ಬರ್ತಿಲ್ಲ. ಸ್ನೇಹಿತರು ತಮಗೆ ಅತ್ಯಂತ ಪವಿತ್ರ ಅನ್ನಿಸಿದ ಹೊತ್ತಿನಲ್ಲಿ ನಿನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡರೆ, ಅದಕ್ಕಿಂತ ದೊಡ್ಡ ಗೌರವ ನನಗಂತೂ ಗೊತ್ತಿಲ್ಲ.

ತಂಗಿ: ಆದ್ರೂ ಅಕ್ಕ, ನಾವು ಅಲ್ಲಿ ಹೊರಗಿನವರೇ ಅಲ್ವಾ.

ಅಕ್ಕ: ತೀರಾ ಹೊರಗಿನವರು ಅಂತ ನಾನು ಒಪ್ಪಲ್ಲ. ಕನ್ನಡಕ್ಕೂ ಆ ಸೀಮೆಗೂ ಇನ್ನೂರು ವರ್ಷದ ಹತ್ತಿರದ ನಂಟಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ, ಕನ್ನಡದ ಮೊದಲ ಪತ್ರಿಕೆ. ಆತ ಕೊನೆಯುಸಿರೆಳೆದದ್ದು 1881ರಲ್ಲಿ, ಎಸ್ಲಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆ ದಾರಿ. ಡಿಸೆಂಬರ್‌ನಲ್ಲಿ ಅಲ್ಲಿ ಹಳೇ ಕಾಲದ ವೇಷ ಹಾಕಿದ ಕಮ್ಮಾರರು, ಬುಟ್ಟಿ ಹೆಣೆಯೋರು ಕೂರೋ ಸಂತೆ ನಡೆಯುತ್ತೆ, ಹೋಗಿ ಬಾ. ಕಿಟ್ಟೆಲ್ 1853ರಲ್ಲಿ ಬಂದವರು. 1894ರಲ್ಲಿ ಅವರ ನಿಘಂಟು ಅಚ್ಚಾಯಿತು. ಅದಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ, ಅದೂ ಸ್ಟುಟ್‌ಗಾರ್ಟ್‌ಗೆ ಹತ್ತಿರವೇ. ಆಮೇಲೆ 1951ರಲ್ಲಿ ಆಡುಗೋಡಿಯ ಮೈಕೋ ಬಂತು, ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿಯ ನಂಟಿನಿಂದ. ನಮ್ಮ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಮೈಕೋ ಸಂಬಳದಿಂದ ಮಕ್ಕಳು ಓದಿದರು!

ತಂಗಿ: ಮಿಷನ್ನಿನವರು ಮತಾಂತರಕ್ಕೆ ಬಂದವರು ಅಂತಾರಲ್ಲ.

ಅಕ್ಕ: ಧರ್ಮಪ್ರಚಾರಕ್ಕೇ ಬಂದವರು, ಅದನ್ನ ಯಾರೂ ಮುಚ್ಚಿಡಬೇಕಿಲ್ಲ. ನಾನು ಹೇಳ್ತಿರೋದು ಬೇರೆ. ಮಂಗಳೂರಿನ ಸೆಖೆಯಲ್ಲಿ, ಧಾರವಾಡದಲ್ಲಿ ಅವರೂ ಮನೆ ಬಿಟ್ಟು ಬಂದವರಾಗಿ ಕ್ರಿಸ್‌ಮಸ್ ಕಳೆದಿದ್ದಾರೆ. ನಮ್ಮ ಜನರ ಜೊತೆ ಬೆರೆಯೋಕೆ ಅವರು ಹಿಡಿದ ದಾರಿ ಕನ್ನಡ ಕಲಿಯೋದು. ಕಲಿತದ್ದು ಹೇಗೆ! ನಿಘಂಟು ಬರೆಯೋಷ್ಟು. ನೀನು ನಿಘಂಟು ಬರೀಬೇಡ, ಆದರೆ ಜರ್ಮನ್ ಕ್ಲಾಸು ಮಧ್ಯಕ್ಕೆ ನಿಲ್ಲಿಸಬೇಡ. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಹಬ್ಬದ ಊಟದಲ್ಲಿ ಅಜ್ಜಿ ಪಕ್ಕ ಕೂರಿಸ್ತಾರೆ, ಆ ಅಜ್ಜಿಗೆ ಇಂಗ್ಲಿಷ್ ಬರದೇ ಇರಬಹುದು. ನೀನು ಮುರುಕು ಜರ್ಮನ್‌ನಲ್ಲಿ ‘ನಿಮ್ಮ ಚಿಕ್ಕಂದಿನಲ್ಲಿ ಹಬ್ಬ ಹೇಗಿರ್ತಿತ್ತು’ ಅಂತ ಕೇಳು ಸಾಕು. ಎರಡನೇ ಮಹಾಯುದ್ಧ ಮುಗಿದ ಹೊಸತರ ಹಬ್ಬ, ಒಂದು ಕಿತ್ತಳೆ ಹಣ್ಣು ಉಡುಗೊರೆ ಸಿಕ್ಕಿದ್ದು, ಅಪ್ಪ ವಾಪಸ್ ಬರದೇ ಇದ್ದದ್ದು... ನನಗೆ ಒಬ್ಬ ಅಜ್ಜಿ ಹೇಳಿದ್ದನ್ನ ಅವರ ಮೊಮ್ಮಕ್ಕಳೇ ಮೊದಲ ಸಲ ಕೇಳ್ತಿದ್ದರು.

ತಂಗಿ: ಉಡುಗೊರೆ ಏನು ಒಯ್ಯಲಿ? ಅದೊಂದು ಹೇಳಿಬಿಡಿ.

ಅಕ್ಕ: ಚನ್ನಪಟ್ಟಣದ ಬೊಂಬೆ. ಬೇರೆ ಯೋಚನೆಯೇ ಬೇಡ. ಜರ್ಮನಿಯ ಪೂರ್ವದಲ್ಲಿ ಎರ್ಟ್ಸ್‌ಗೆಬಿರ್ಗೆ ಅಂತ ಬೆಟ್ಟದ ಸೀಮೆ ಇದೆ. ಅಲ್ಲಿನ ಗಣಿಗಳು ಬರಿದಾದ ಮೇಲೆ ಸೈಫನ್ ಸುತ್ತಿನ ಜನ ಮರ ಕಡೆಯೋದಕ್ಕೆ ನಿಂತರು. ಮರದ ಬಳೆಯೊಂದನ್ನ ಲೇತ್‌ಗೆ ಹಾಕಿ ಕಡೆದು, ಆಮೇಲೆ ಆ ಬಳೆಯನ್ನ ಸೌದೆ ಸೀಳಿದಂತೆ ಸೀಳಿದರೆ, ಒಂದೊಂದು ಹೋಳೂ ಒಂದೊಂದು ಕುದುರೆ, ಒಂದೊಂದು ಹಸು! ಅವರ ಕ್ರಿಸ್‌ಮಸ್ ಗೊಂಬೆಗಳ ತವರು ಅದು. ನಮ್ಮವರು ಆಲೆ ಮರ ಕಡೆದು, ತಿರುಗ್ತಾ ಇರೋವಾಗಲೇ ಅರಗಿನ ಬಣ್ಣ ಒತ್ತಿ, ತಾಳೆ ಗರಿಯಿಂದ ಉಜ್ಜಿ ಹೊಳಪು ತರ್ತಾರೆ. ಮರ ಕಡೆಯೋ ಕಸುಬು ಬಲ್ಲ ಜನಕ್ಕೆ ಅದರ ಬೆಲೆ ಗೊತ್ತಾಗುತ್ತೆ. ನಾನು ಕೊಟ್ಟ ಬಣ್ಣದ ಬುಗುರಿಗಳಿಗೆ ಅಲ್ಲಿನ ಸ್ನೇಹಿತರು ದಾರ ಕಟ್ಟಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಿದ್ದರು. ಈಗಲೂ ಪ್ರತಿ ಡಿಸೆಂಬರ್ ಫೋಟೋ ಕಳಿಸ್ತಾರೆ.

ತಂಗಿ: ಅವರಿಗೆ ನಾವು ವಾಪಸ್ ಏನ್ ಮಾಡೋದು? ಬರೀ ಹೋಗಿ ಉಂಡು ಬರೋದಾ?

ಅಕ್ಕ: ಯುಗಾದಿಗೆ ಕರಿ. ಅದು ತಪ್ಪಿಸಬೇಡ. ಬೇವು ಸಿಗದಿದ್ದರೆ ಕಹಿಗೆ ಮೆಂತ್ಯ ಹಾಕು. ಒಬ್ಬಟ್ಟಿನ ಸಾರು ಮಾಡು, ಅದರ ಮುಂದೆ ಯಾವ ಸೂಪೂ ಇಲ್ಲ. ಅವರನ್ನ ನೆಲದ ಮೇಲೆ ಕೂರಿಸು, ಕೈಯಲ್ಲಿ ಊಟ ಮಾಡೋದು ತೋರಿಸು. ಯುಗಾದಿಯಲ್ಲಿ ನೀನು ಕರೆದಿದ್ದರೆ ಡಿಸೆಂಬರ್‌ನಲ್ಲಿ ನಿನ್ನ ತಟ್ಟೆ ಅವರ ಮೇಜಿನ ಮೇಲೆ ತಾನಾಗಿ ಬಂದಿರುತ್ತೆ. ಇನ್ನೊಂದು, ನಮ್ಮ ಕನ್ನಡದವರ ಗುಂಪು ಅಲ್ಲೂ ಇದೆ, ರಾಜ್ಯೋತ್ಸವ, ದೀಪಾವಳಿ ಎಲ್ಲ ಮಾಡ್ತಾರೆ. ಹೋಗು, ಜೀವ ತಣ್ಣಗಾಗುತ್ತೆ. ಆದರೆ 24ರ ಸಂಜೆಯೂ ಅಲ್ಲೇ ಕೂತು ಇಸ್ಪೀಟು ಆಡಿ, ಇಲ್ಲಿನ ಜನ ಯಾರನ್ನೂ ಸೇರಿಸಲ್ಲ ಅಂತ ಬೈಕೊಂಡು ಬರಬೇಡ. ಅಲ್ಲಿ ಹತ್ತು ವರ್ಷ ಇದ್ದು ಒಬ್ಬರ ಮನೆ ಅಡುಗೆಮನೆಯನ್ನೂ ನೋಡದೆ ಬಂದವರು ನನಗೆ ಗೊತ್ತು. ಅದು ನನಗೆ ಬಹಳ ನೋವು ತರೋ ವಿಷಯ.

ತಂಗಿ: ಇಲ್ಲಿ ನಾವು ಎಷ್ಟು ಜನರ ಅಡುಗೆಮನೆ ನೋಡಿದ್ದೀವಿ ಅಕ್ಕ? ಕೊನೆ ಮನೆ ಆಂಟಿ ಪ್ರತಿ ವರ್ಷ ತಟ್ಟೆ ಕಳಿಸ್ತಾರೆ, ಕಲ್‌ಕಲ್, ರೋಸ್ ಕುಕ್ಕೀಸ್, ಕೇಕು. ಅಮ್ಮ ಆ ತಟ್ಟೆಗೆ ಸಕ್ಕರೆ ಹಾಕಿ ವಾಪಸ್ ಕಳಿಸ್ತಾರೆ. ಗೌರಿ ಹಬ್ಬಕ್ಕೆ ನಾವು ಕಡುಬು ಕಳಿಸ್ತೀವಿ. ಕಾಂಪೌಂಡಿನ ಹತ್ರವೇ ಎಲ್ಲ ಮುಗಿಯುತ್ತೆ.

ಅಕ್ಕ: ನೋಡು, ನೀನೇ ಹೇಳಿದೆ. ತಟ್ಟೆ ಕಳಿಸೋದು ಒಳ್ಳೆ ಪದ್ಧತಿ, ಅದನ್ನ ಯಾರೂ ಬಿಡಬಾರದು. ಆದರೆ ತಟ್ಟೆ ಕಳಿಸೋದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳೋದಕ್ಕೂ ಬಹಳ ಅಂತರ ಇದೆ. ನಮ್ಮ ಅತ್ತಿಬೆಲೆಯನ್ನೇ ತಗೋ. ಇತ್ತ ಬೊಮ್ಮಸಂದ್ರ, ಜಿಗಣಿ, ಅತ್ತ ಗಡಿ ದಾಟಿದರೆ ಹೊಸೂರು. ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ. ಒಡಿಶಾ, ಜಾರ್ಖಂಡ್, ಬಿಹಾರ, ಅಸ್ಸಾಂ. ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ಒಂದು ಸ್ವೀಟ್ ಬಾಕ್ಸ್ ಕೈಗಿಡ್ತಾರೆ, ಮುಗೀತು. ಸ್ಟುಟ್‌ಗಾರ್ಟ್‌ನಲ್ಲಿ 24ರ ಸಂಜೆ ನನಗೆ ಹೇಗೆ ಅನ್ನಿಸ್ತಿತ್ತೋ, ನಮ್ಮೂರಿನ ದೀಪಾವಳಿ ಸಂಜೆ ಆ ಹುಡುಗರಿಗೆ ಹಾಗೇ ಅನ್ನಿಸುತ್ತೆ. ನನ್ನ ಕೈಯಲ್ಲಾದರೂ ಒಂದು ದೊಡ್ಡ ಸಂಬಳ ಇತ್ತು, ಬೆಚ್ಚನೆ ರೂಮು ಇತ್ತು.

ತಂಗಿ: ನಮ್ಮ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿರೋ ಹುಡುಗರು ಸುಂದರ್‌ಗಢದವರು. ಬಾಗಿಲ ಮೇಲೆ ಶಿಲುಬೆ ಇದೆ.

ಅಕ್ಕ: ಒಡಿಶಾದ ಸುಂದರ್‌ಗಢದಲ್ಲಿ, ಪಕ್ಕದ ಜಾರ್ಖಂಡ್‌ನಲ್ಲಿ ಆದಿವಾಸಿ ಕ್ರೈಸ್ತರು ಬಹಳ ಜನ. ನಮ್ಮ ರಾಜ್ಯದ ಕಾನೂನಿನಲ್ಲಿ ಕಾರ್ಖಾನೆಗಳು ಕೊಡಲೇಬೇಕಾದ ರಜೆ ಹತ್ತು. ಅದರಲ್ಲಿ ಐದರ ದಿನ ಕಾನೂನೇ ಗೊತ್ತುಮಾಡಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಐದು ಹಬ್ಬದ ರಜೆ ಯಾವುದು ಅನ್ನೋದು ಆಯಾ ಕಾರ್ಖಾನೆಯ ಪಟ್ಟಿ. ಆ ಪಟ್ಟಿಯಲ್ಲಿ ಕ್ರಿಸ್‌ಮಸ್ ಇಲ್ಲದಿದ್ದರೆ 25ಕ್ಕೂ ಅವರು ಶಿಫ್ಟಿಗೆ ಹೋಗಬೇಕು. ಮೊದಲು ಅದನ್ನ ಕೇಳ್ಕೋ.

ತಂಗಿ: ಕೇಳ್ತೀನಿ. ಆದರೆ ಡಿಸೆಂಬರ್‌ಗೆ ನಾನು ಇಲ್ಲಿರಲ್ಲ.

ಅಕ್ಕ: ಅಮ್ಮ ಇರ್ತಾರೆ, ನಾನಿರ್ತೀನಿ. ಕೊನೆ ಮನೆ ಆಂಟಿಗೆ ಇವತ್ತೇ ಹೇಳೋಣ. ಆ ಹುಡುಗರನ್ನ ರಾತ್ರಿ ಪೂಜೆಗೆ ತಮ್ಮ ಜೊತೆ ಕರ್ಕೊಂಡು ಹೋಗಲಿ. 25ರ ಊಟ ನಮ್ಮನೆಯಲ್ಲಿ, ಶಿಫ್ಟ್ ಇದ್ದರೆ ರಾತ್ರಿಗೆ. ಅಮ್ಮನಿಗೆ ಹೇಳು, ಪಾಯಸ ಅವರದ್ದು. ಮೇಲಿನ ಹುಡುಗರನ್ನ ಕರೆಯೋಕೆ ನೀನು ಹೊರಡೋಕೆ ಮುಂಚೆ ನೀನೇ ಹೋಗು. ಅವರ ಹೆಸರು ಕೇಳ್ಕೊಂಡು ಬಾ.